ದ್ವೀಪದ ಒತ್ತು

ಎಲ್ಲಕ್ಕೂ ಕಾರಣ ದಕಾರದ ಕೆಳಗಿನ ಒಂದು ವ ಒತ್ತು. ಮೇಷ್ಟ್ರ ಕೈಬರಹದಲ್ಲಿ ಅದು ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಮೇಷ್ಟ್ರು ಬರೆದ ಪುಸ್ತಕ ಹಳೆಯ ಕಾಲದ ಸುಖರಾಜ್ಯದ ಕತೆಗಳ ಬಗ್ಗೆ. ಅವೆಲ್ಲ ದ್ವೀಪದಲ್ಲೇ ಏಕಿರುತ್ತವೆ, ರಾಜನಾದವನು ಮೊದಲು ಕಾಲುವೆ ತೋಡಿಸಿ ನೆರೆನಾಡಿನಿಂದ ಏಕೆ ಬೇರೆಯಾಗುತ್ತಾನೆ, ಹೀಗೆ. ನೆರೆಯವರಿಗೆ ಈಜು ಬಾರದಿದ್ದರೆ ಅರ್ಧ ಸುಖ ಬಂದಂತೆಯೇ ಸರಿ. ಮುದ್ರಣಾಲಯದಲ್ಲಿ ಇದರ ಕರಡು ತಿದ್ದುವವನು, ಕೆಲಸವೇ ಹೆಸರಾಗಿ ಅಂಟಿಕೊಂಡ ಕರಡಪ್ಪ. "ಇನ್ನೊಂದು ತಪ್ಪು ಕಂಡ್ರೆ ನಾಳೆಯಿಂದ ಬರ್ಬೇಡಿ," ಎಂದು ಯಜಮಾನರು ಬೆಳಿಗ್ಗೆಯೇ ಹೇಳಿದ್ದರು.

ಊಟವಾದ ಮೇಲೆ ಫ್ಯಾನಿನ ಗಾಳಿಗೆ ಹಾಳೆಗಳು ಅಲೆಯಂತೆ ಏಳುತ್ತಿದ್ದವು. ಸುತ್ತ ಬಂಡೆ, ಒಳಬರಲು ಒಂದೇ ಕಿಂಡಿ, ಅದು ದ್ವೀಪದವರಿಗೆ ಮಾತ್ರ ಗೊತ್ತು ಎಂಬ ಸಾಲಿಗೆ ಬರುವಷ್ಟರಲ್ಲಿ ಕರಡಪ್ಪ ದಡ ಮುಟ್ಟಿದ್ದ. ಕಾಲಡಿಯ ಮರಳು ಬೆಚ್ಚಗಿತ್ತು. ದೂರದಲ್ಲಿ ಯಜಮಾನರು ದೋಣಿಯಲ್ಲಿ ಕೂತು, ದಾರಿ ಸಿಗದೆ ಗಾಣದೆತ್ತಿನಂತೆ ಸುತ್ತುತ್ತಿದ್ದರು. ನೋಡಲು ಬಹಳ ಹಿತವಾಗಿತ್ತು.

ಕಿಂಡಿಯ ಬಳಿ ಏನೋ ಮಿನುಗಿತು. "ಇದು ದೀಪ ತಾನೆ?" ಎಂದು ಯಾರೋ ಕೇಳಿದರು.

"ದೀಪಾನೇ," ಎಂದ ಕರಡಪ್ಪ, ಕಣ್ಣು ತೆರೆಯದೆ.

ಕೇಳಿದವಳು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಟೈಪಕ್ಕ. ಸಂಜೆ ಅವನು ಎಚ್ಚೆತ್ತಾಗ ಅಚ್ಚಾದ ಮೊದಲ ಪ್ರತಿ ಮೇಜಿನ ಮೇಲಿತ್ತು. ಹೊದಿಕೆಯ ಮೇಲೆ 'ಸುಖದೀಪ'. ಒಳಗೆ, 'ದೀಪದ ಸುತ್ತ ಸಮುದ್ರ'.

"ಏನಕ್ಕ ಇದು? ದ್ವೀಪ ಎಲ್ಲಿ ಹೋಯ್ತು?"

"ನಿಮ್ಮನ್ನ ಕೇಳೇ ಎಲ್ಲಾ ಕಡೆ ಬದ್ಲಾಯಿಸ್ದೆ. 'ಕಾಲುವೆ ಬತ್ತಿ ಹೋದರೆ' ಅಂತ ಮೇಷ್ಟ್ರೇ ಬರ್ದಿದಾರೆ. ಬತ್ತಿ ಇರೋದು ದೀಪಕ್ಕೆ ತಾನೆ?"

"ಮತ್ತೆ ಈ 'ದೀಪದ ಸೀಮೆಎಣ್ಣೆ ಎಲ್ಲಿ ಮುಗಿಯುತ್ತದೆ'?"

"ಬರೀ ಸೀಮೆ ಅಂತಿತ್ತು. ಎಣ್ಣೆ ಮರ್ತಿದಾರೆ ಅಂತ ಅಚ್ಚು ಹಾಕೋ ಮಿಶಿನ್ ಮಾಮ ಹೇಳಿದ್ರು. ಹಾಕ್ದೆ."

ಕರಡಪ್ಪ ಕೆಂಪು ಪೆನ್ನು ಎತ್ತಿಕೊಂಡು ಮೊದಲ ದೀಪಕ್ಕೆ ಒತ್ತು ಹಾಕಿದ. ಈ ವಯಸ್ಸಿನಲ್ಲಿ ಇನ್ಯಾರು ಕೆಲಸ ಕೊಟ್ಟಾರು? ಅಷ್ಟರಲ್ಲಿ ಯಜಮಾನರ ಜೊತೆ ಮೇಷ್ಟ್ರೇ ಬಂದರು. ಪುಸ್ತಕ ತೆರೆದು ಓದಿದರು. ಓದುತ್ತ ಓದುತ್ತ ಅವರ ತುಟಿ ಅದುರಿತು.

"ಯಾರು ಮಾಡಿದ್ದು ಇದನ್ನ?"

"ನಾನಲ್ಲ ಸ್ವಾಮಿ, ದೇವರಾಣೆಗೂ ನಾನಲ್ಲ. ಎಲ್ಲಾ ಟೈಪಕ್ಕಂದೇ. ನಾನು ನಿದ್ದೆ ಮಾಡ್ತಿದ್ದೆ."

ಮೇಷ್ಟ್ರು ಟೈಪಕ್ಕನಿಗೆ ಕೈಮುಗಿದರು. "ದೀಪದ ಸುತ್ತ ಸಮುದ್ರ. ಇಷ್ಟು ಕಾಲ ಬರೆದ್ರೂ ಇಂಥದೊಂದು ಮಾತು ನನ್ನ ಕೈಲಿ ಬಂದಿಲ್ಲ, ತಾಯಿ. ಇನ್ನು ನನ್ನ ಪುಸ್ತಕಗಳನ್ನೆಲ್ಲ ನೀವೇ ತಿದ್ದಬೇಕು."

"ಪಾಪ, ನೀವು ಹೇಳಿದ್ದು ನಿಜ, ತಪ್ಪು ನಿಮ್ಮದಲ್ಲ," ಎಂದು ಯಜಮಾನರು ಕರಡಪ್ಪನ ಕೈಯಿಂದ ಕೆಂಪು ಪೆನ್ನು ಬಿಡಿಸಿಕೊಂಡು ಟೈಪಕ್ಕನಿಗೆ ಕೊಟ್ಟರು. "ಮನೆಗೆ ಹೋಗಿ ನಿದ್ದೆ ಮುಂದುವರಿಸಿ."