ಅಂಚಿನಾಚೆಯ ಹೆಸರು

ಸುತ್ತೋಲೆಗಳಲ್ಲಿ ನಿರ್ದೇಶಕ ಸಾಹೇಬರ ಬಿರುದು ಒಂದು ಸಾಲಿನಲ್ಲೂ ಹೆಸರು ಇನ್ನೊಂದು ಸಾಲಿನಲ್ಲೂ ಬಂದರೆ ಅದನ್ನು ಗಂಭೀರ ದುರ್ನಡತೆಯೆಂದು ಪರಿಗಣಿಸಲಾಗುವುದೆಂದು ಇಲಾಖೆಯ ಸರ್ವರಿಗೂ ತಿಳಿಯಪಡಿಸಲಾಯಿತು. ಹಿಂದಿನ ಸುತ್ತೋಲೆಯಲ್ಲಿ ‘ಜನಾನುರಾಗಿ’ ಮೇಲುಳಿದು, ಸಾಹೇಬರ ಬೋಳು ಹೆಸರು ಕೆಳಗಿನ ಸಾಲಿಗೆ ಬಿದ್ದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಸಾಹೇಬರು ಅದನ್ನು ಸುತ್ತೋಲೆ ಕೊಟ್ಟು ತರಿಸಲು ಹೊರಟರು.

ಆ ಪುಟ ಜೋಡಿಸಿದವಳು ಕಚೇರಿಯವರೆಲ್ಲ ಅಕ್ಕ ಎಂದು ಕರೆಯುವ ಹೆಂಗಸು. ತಲೆ ನರೆತರೂ ಅವಳದು ತಾತ್ಕಾಲಿಕ ನೌಕರಿ. ಕಾಯಂ ಮಾಡುವ ಆದೇಶ ಸಾಹೇಬರ ಸಹಿಗೆ ಕಾದು ಧೂಳು ತಿನ್ನುತ್ತಿತ್ತು. ಅವಳು ಕಂಪ್ಯೂಟರಿನಲ್ಲಿ ಬಿರುದಿಗೂ ಹೆಸರಿಗೂ ನಡುವಿನ ಮಾಮೂಲಿ ಖಾಲಿ ಜಾಗ ತೆಗೆದು, ಕಣ್ಣಿಗೆ ಕಾಣದ ಒಂದು ಗುರುತು ಹಾಕಿದಳು. ನೋಡಲು ಅದೂ ಖಾಲಿ ಜಾಗವೇ. ಸಾಲು ಮಾತ್ರ ಅಲ್ಲಿ ಮುರಿಯದು.

“ಇನ್ನು ಬಿರುದು ನಿಮ್ಮನ್ನ ಬಿಟ್ಟು ಹೋಗಲ್ಲ ಸಾರ್.”

“ಎಷ್ಟು ಬಿರುದು ತಡೆಯತ್ತಮ್ಮ ಅದು?”

“ಎಷ್ಟಾದ್ರೂ ತಡೆಯತ್ತೆ. ಕಾಗದ ತಡೀಬೇಕಷ್ಟೆ.”

ಕೊನೆಯ ಮಾತನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ.

ಬಿರುದು ಸಮಿತಿ ರಚನೆಯಾಯಿತು. ಪಟ್ಟಿ ‘ಕಡತವತ್ಸಲ’ನಿಂದ ಶುರುವಾಗಿ ‘ಲಿಫ್ಟ್ ಉದ್ಘಾಟಕ’ನವರೆಗೆ ಬಂತು. ಬಿರುದು ಸೂಚಿಸಿದವರಿಗೆ ಬಡ್ತಿಯಲ್ಲಿ ಆದ್ಯತೆಯೆಂಬ ಉಪನಿಯಮ ಹೊರಟ ಮೇಲಂತೂ ಗುಮಾಸ್ತರು ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ಅಕ್ಕ ಎಲ್ಲವನ್ನೂ ಅದೇ ಗುರುತಿನಿಂದ ಒಂದಕ್ಕೊಂದು ಬಿಗಿದಳು. ಸಾಲು ಮುರಿಯಲಿಲ್ಲ, ಕಾಗದದ ಅಂಚು ದಾಟಿತು. ಕೊನೆಯಲ್ಲಿದ್ದ ಹೆಸರು ಅಚ್ಚಾಗಲೇ ಇಲ್ಲ.

ಸಾಹೇಬರು ಬಿರುದುಗಳ ಮೇಲೆ ಬೆರಳಾಡಿಸುತ್ತ ಅಂಚು ತಲುಪಿದರು. ಬೆರಳು ಮೇಜಿನ ಮೇಲೂ ಸ್ವಲ್ಪ ದೂರ ಹೋಯಿತು.

“ನನ್ನ ಹೆಸರು?”

“ಇದೆ ಸಾರ್. ಕಾಗದ ಚಿಕ್ಕದಾಯ್ತು,” ಎಂದಳು ಅಕ್ಕ, ಕೆಲಸ ಹೋಯಿತೆಂದೇ ಲೆಕ್ಕ ಹಾಕಿ.

ಸಾಹೇಬರ ಮುಖ ಅರಳಿತು. “ಕಾಗದದಲ್ಲೇ ಹಿಡಿಯದ ಹೆಸರು! ಹಿಂದಿನ ನಿರ್ದೇಶಕರಲ್ಲಿ ಯಾರಿಗಿತ್ತಮ್ಮ ಇದು?”

ಆ ಖುಷಿಯಲ್ಲೇ ಅವಳ ಆದೇಶಕ್ಕೆ ಸಹಿ ಬಿತ್ತು. ಸಾಹೇಬರ ಕೃಪೆ ಪಡೆದವರ ಹೆಸರೂ ಸಾಹೇಬರ ಹೆಸರನ್ನು ಬಿಟ್ಟು ಬೇರೆ ಸಾಲಿಗೆ ಬೀಳಕೂಡದೆಂಬ ತಿದ್ದುಪಡಿಯೂ ಅಂದೇ ಹೊರಟಿತು. ಅಕ್ಕ ನಿಯಮದಂತೆ ತನ್ನ ಹೆಸರನ್ನು ತಾನೇ ಸಾಹೇಬರ ಹೆಸರಿಗೆ ಬಿಗಿದು, ಆದೇಶವನ್ನು ಅಚ್ಚಿಗೆ ಕಳಿಸಿದಳು.

ಲೆಕ್ಕಪತ್ರದ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಅಕ್ಕ, ನೀವು ಕಾಯಂ ಆದ್ರಿ. ತಾತ್ಕಾಲಿಕದವರ ಪಟ್ಟಿಯಿಂದ ಈಗಲೇ ತೆಗೆದೆ.”

“ಕಾಯಂ ಪಟ್ಟಿಗೆ ಸೇರಿಸಪ್ಪ ಮತ್ತೆ, ಸಂಬಳ ಬರ್ಬೇಕಲ್ಲ.”

“ಅದಕ್ಕೆ ಆದೇಶದಲ್ಲಿ ಹೆಸರು ಕಾಣ್ಬೇಕಲ್ಲ.”

“ಸಾಹೇಬರ ಪಕ್ಕದಲ್ಲೇ ಇದೆ ಕಣಪ್ಪ.”

“ಅಯ್ಯೋ, ಅದಕ್ಕಿಂತ ದೊಡ್ಡ ಸಂಬಳ ಬೇಕಾ?” ಎಂದು ಅವನು ನಿಜವಾದ ಗೌರವದಿಂದ ಎದ್ದು ನಿಂತ.

ಅಕ್ಕನ ಕಣ್ಣಿಂದ ದಳದಳನೆ ನೀರು ಇಳಿಯಿತು. ಸಂತೋಷ ತಡೆಯಲಾಗುತ್ತಿಲ್ಲವೆಂದು ತಿಳಿದು ಇಡೀ ಕಚೇರಿ ಚಪ್ಪಾಳೆ ತಟ್ಟಿತು.