ದನದ ಡಾಕ್ಟರ ಬಾಣಂತನ

ದನದ ಡಾಕ್ಟರನಾದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಸೈಕಲ್ ಹತ್ತಿ ಮನೆ ಬಾಗಿಲಿಗೆ ಬರುತ್ತಿರುತ್ತವೆ. ತೊಂದರೆ ಏನೆಂದರೆ, ನಕ್ಕಿದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಇರಬೇಕು. ತೊಂಬತ್ತರ ದಶಕದಲ್ಲಿ ಹುಕ್ಕೇರಿಗೆ ವರ್ಗವಾಗಿ ಬಂದಾಗ ನನಗೆ ಆ ಇನ್ನೊಬ್ಬರು ಇರಲಿಲ್ಲ. ಮದುವೆ ಆಗಿರಲಿಲ್ಲ, ಆಗುವ ವಯಸ್ಸೂ ದಾಟುತ್ತ ಬಂದಿತ್ತು, ತಂದೆ ತಾಯಿ ತೀರಿಕೊಂಡಿದ್ದರು. ಹೀಗಾಗಿ ಎಷ್ಟೋ ನಗೆಗಳು ಹುಟ್ಟಿದಲ್ಲೇ ಆರಿಹೋದವು. ನೆನಪಿನಲ್ಲಿ ಉಳಿದ ಕೆಲವನ್ನು ಹೇಳುತ್ತೇನೆ.

ಮನಿಮಂದಿ

ನಾನು ಬಾಡಿಗೆ ಹಿಡಿದ ಮನೆಯ ಮಾಲೀಕರು ಕಾಳಿನ ವ್ಯಾಪಾರ ಮಾಡುವ ಜೈನರು. ಮನೆ ತೋರಿಸುತ್ತ ಕೇಳಿದರು, "ಎಷ್ಟ ಮಂದಿ ಅದೀರಿ?"

"ಒಬ್ಬನ ರಿ."

"ಉಳದಾವ್ರು ಯಾವಾಗ ಬರತಾರ?"

"ಉಳದಾವ್ರು ಯಾರೂ ಇಲ್ರಿ."

ಅವರು ನಂಬಲಿಲ್ಲ. ಸರಕಾರಿ ಪಗಾರ ತಗೊಳ್ಳುವ ಮನುಷ್ಯನ ಹಿಂದೆ ಯಾರೂ ಇಲ್ಲವೆಂದರೆ ಹೇಗೆ? ಅಲ್ಲಿಂದ ಪ್ರತಿ ತಿಂಗಳೂ ಬಾವಿಯ ಗಡಗಡಿ ನೋಡುವ ನೆಪದಲ್ಲಿ ಬಂದು, ಒಳಗೆ ಇಣುಕಿ, "ಮನಿಮಂದಿ ಇನ್ನೂ ಬಂದಿಲ್ಲೇನ್ರಿ?" ಎನ್ನುವರು. ಒಳ್ಳೆಯ ಮನುಷ್ಯ, ಊಟಕ್ಕೂ ಕರೆದಿದ್ದರು. ಆದರೆ ಅವರದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಮನೆತನ. ನಾನು ಹಳ್ಳಿ ತಿರುಗಿ ಬರುವಷ್ಟರಲ್ಲಿ ಅವರ ಅಡುಗೆಮನೆ ಕತ್ತಲಾಗಿರುತ್ತಿತ್ತು. ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ತಣ್ಣನೆಯ ರೊಟ್ಟಿಯನ್ನು ಗೋಡೆ ನೋಡುತ್ತ ತಿನ್ನುತ್ತಿದ್ದೆ.

ಒಮ್ಮೆ ಅವರ ಪ್ರಶ್ನೆಗೆ ಬೇಸತ್ತು, "ಮುಂದಿನ ತಿಂಗಳ ಬರತಾರ್ರಿ" ಎಂದುಬಿಟ್ಟೆ. ಮರುದಿನವೇ ಆಳು ಕರೆಸಿ ಖಾಲಿ ಬಿದ್ದಿದ್ದ ಕೋಣೆಗೆ ಸುಣ್ಣ ಹೊಡೆಸಿದರು.

ಗಿಣ್ಣದ ಪಾಠ

ಬೆಲ್ಲದ ಬಾಗೇವಾಡಿಯಲ್ಲಿ ಚಳಿಗಾಲದ ಒಂದು ಮುಂಜಾನೆ ಎಮ್ಮೆ ಈದಿತ್ತು. ಕರು ಬಡವಾಗಿತ್ತು. ನಾನು ರೈತನನ್ನು ಕೂಡಿಸಿಕೊಂಡು ಪಾಠ ಶುರು ಮಾಡಿದೆ.

"ಈಗ ಹುಟ್ಟಿದ ಕರುವಿನ ಮೈಯಾಗ ಒಂದು ಕಂದು ಬಣ್ಣದ ಕೊಬ್ಬ ಇರತೈತಿ. ನಮ್ಮ ಹೊಟ್ಟಿ ಮ್ಯಾಲಿನ ಬಿಳೇ ಕೊಬ್ಬ ಸುಮ್ನ ಕೂಡಿಟ್ಟ ದಾಸ್ತಾನು. ಈ ಕಂದು ಕೊಬ್ಬ ಹಂಗಲ್ಲ, ತಾನ ಉರದು ಮೈಗೆ ಕಾವು ಕೊಡತೈತಿ. ಆದ್ರ ಲಗೂನ ತೀರತೈತಿ. ತೀರೂದರಾಗ ಗಿಣ್ಣದ ಹಾಲು ಕರುವಿನ ಹೊಟ್ಟಿ ಸೇರಬೇಕು. ಆ ಹಾಲಿನಾಗ ಶಕ್ತಿ ಬಾಳ."

ರೈತ ಕಣ್ಣರಳಿಸಿ ಕೇಳಿದ. ಒಳಗಿದ್ದ ಹೆಂಡತಿಗೂ ಕೂಗಿ ಹೇಳಿದ. ಇಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಯಾರೂ ಕೇಳಿರಲಿಲ್ಲ.

ಮರುದಿನ ಅವನೇ ದವಾಖಾನೆಗೆ ಬಂದು, ಬಟ್ಟೆ ಮುಚ್ಚಿದ ಬಟ್ಟಲನ್ನು ಮೇಜಿನ ಮೇಲಿಟ್ಟ. ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣ.

"ಬಾಳ ಶಕ್ತಿ ಅಂದ್ರಲ್ರಿ. ಒಬ್ರ ಅದೀರಿ, ನಿಮಗಿರಲಿ ಅಂತ ತಂದೆ."

"ಅಲ್ಲೋ ಮಾರಾಯಾ, ಕರುವಿಗೆ?"

"ಕರುವಿಗೂ ಕುಡಿಸೇವ್ರಿ, ನಿಮಗ ತಗದಿಟ್ಟ ಮ್ಯಾಲ."

ಬೈಯಬೇಕಿತ್ತು. ಆದರೆ ಬಟ್ಟಲು ಇನ್ನೂ ಬೆಚ್ಚಗಿತ್ತು, ಯಾರಾದರೂ ನನಗೆಂದು ಏನನ್ನಾದರೂ ಬೇಯಿಸಿ ವರ್ಷಗಳಾಗಿದ್ದವು. ಮೊದಲು ತಿಂದೆ, ಬಟ್ಟಲು ತೊಳೆದು ಕೊಟ್ಟೆ, ಆಮೇಲೆ ಬೈದೆ.

ಜಾಗಾ ಐತಿ

ಮೂಡಲಗಿ ಕಡೆಯ ಕುರಿಗಾರನೊಬ್ಬ ಕಣಗಲಾ ಊರಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ. ಮರಿ ಹಾಕಿದ ಕುರಿಯೊಂದು ಸತ್ತುಹೋಯಿತೆಂದು ಕರೆ ಬಂತು. ಹೋಗಿ ಮರಿಯ ಬಾಯಲ್ಲಿ ಬೆರಳಿಟ್ಟು ನೋಡಿದರೆ ತಣ್ಣಗಿತ್ತು. ಒಲೆಯ ಪಕ್ಕ ಮಲಗಿಸಿ, ಬೇರೆ ಕುರಿಯ ಹಾಲು ಹಿಂಡಿ ಕುಡಿಸುತ್ತ, ನಾನು ಮತ್ತೆ ಕೊಬ್ಬಿನ ಕಥೆ ತೆಗೆದೆ. ಕುರಿಮರಿಗೆ ಅದು ಮೂತ್ರಪಿಂಡದ ಸುತ್ತ ಇರುತ್ತದೆ, ಮನುಷ್ಯರ ಕೂಸಿಗೆ ಹೆಗಲಿನ ಹಿಂದೆ. ಅದರಿಂದಲೇ ಕೂಸು ನಡುಗದೆ ಮೈ ಬೆಚ್ಚಗಿಟ್ಟುಕೊಳ್ಳುತ್ತದೆ.

"ನಮಗ ಇರತೈತೇನ್ರಿ?"

"ದೊಡ್ಡಾವ್ರಾದ ಮ್ಯಾಲ ಇರೂದಿಲ್ಲೋ."

ಆಗ ನಮ್ಮ ಪುಸ್ತಕದ ಮಾತು ಅದೇ. ದೊಡ್ಡವರಲ್ಲೂ ಒಂದಿಷ್ಟು ಉಳಿದಿರುತ್ತದೆ, ಚಳಿ ತಾಗಿದರೆ ಕೆಲಸ ಶುರು ಮಾಡುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದು ಬಹಳ ವರ್ಷಗಳ ಮೇಲೆ. ಅವನು ನನ್ನ ಸ್ವೆಟರು, ಮಫ್ಲರು, ಕಿವಿ ಮುಚ್ಚುವ ಟೊಪ್ಪಿಗೆ ಎಲ್ಲವನ್ನೂ ನಿಧಾನ ನೋಡಿ, "ಖರೆ ಐತಿ, ನಿಮ್ದು ಪೂರಾ ತೀರೇತಿ" ಎಂದ.

ಮರುದಿನ ಅವನ ಹಿಂಡು ಮುಂದೆ ಹೊರಡುವುದಿತ್ತು. ಮರಿಗೆ ನಡೆಯುವ ಶಕ್ತಿ ಇರಲಿಲ್ಲ. "ನಿಮ್ಮನ್ಯಾಗ ಯಾರ ಅದಾರ್ರಿ?" ಎಂದು ಕೇಳಿದ.

"ಯಾರೂ ಇಲ್ಲ."

"ಹಂಗಾರ ಜಾಗಾ ಐತಿ" ಎಂದವನೇ ಮರಿಯನ್ನು ನನ್ನ ಸ್ವೆಟರಿನೊಳಗೆ ತುರುಕಿದ.

ಬಾಣಂತಿ

ಔಷಧದ ಅಂಗಡಿಯಲ್ಲಿ ಹಾಲಿನ ಬಾಟಲಿ ಕೊಂಡೆ. ಮರಿ ಒದ್ದೆ ಮಾಡಿದ ಅರಿವೆಗಳನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದೆ. ನಸುಕಿನಲ್ಲಿ ಮರಿ ಹಸಿದು ಅತ್ತರೆ, ಎಳೆಗೂಸು ಅತ್ತಂತೆಯೇ ಗೋಡೆಯಾಚೆ ಕೇಳುತ್ತಿತ್ತು. ಈ ಮೂರನ್ನೂ ಓಣಿಯವರು ಕೂಡಿಸಿಕೊಂಡರು. ಡಾಕ್ಟರು ಹೇಳಿದ್ದ ಮನಿಮಂದಿ ಅಂತೂ ಬಂದಿದ್ದಾರೆ, ಕೈಗೂಸಿನ ಜೊತೆಗೆ.

ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಮಾಲೀಕರ ಹೆಂಡತಿ, ಹಿಂದೆ ಓಣಿಯ ಹೆಂಗಸರು. ಮಾಲೀಕರ ಹೆಂಡತಿಯ ಕೈಯಲ್ಲಿ ಅಂಟಿನ ಉಂಡಿಯ ಡಬ್ಬಿ. ಬಾಜೂ ಮನೆಯ ದರ್ಜಿ ಸಾಬರ ಹೆಂಡತಿ ಕೂಸಿನ ತಲೆ ಬೆನ್ನು ಮುಚ್ಚುವ ಹೊಸ ಕುಂಚಿಗಿ ಹೊಲಿದು ತಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ಸುಣ್ಣ ಹೊಡೆದ ಕೋಣೆಗೆ ನುಗ್ಗಿದರು. ಹಾಸಿಗೆಯ ಮೇಲೆ, ನನ್ನ ಕಂಬಳಿಯೊಳಗಿಂದ, ಮರಿ ತಲೆ ಎತ್ತಿ ಇಷ್ಟೂ ಜನರನ್ನು ನೋಡಿತು.

ದರ್ಜಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಮೊದಲು ನಕ್ಕರು. ಮಾಲೀಕರ ಹೆಂಡತಿ ನಗಲಿಲ್ಲ. "ಕೂಸಿಗಂತ ತಂದದ್ದು ಹೊಳ್ಳಿ ಒಯ್ಯಬಾರದು" ಎಂದು ಕುಂಚಿಗಿಯನ್ನು ಮರಿಯ ತಲೆಗೆ ಕಟ್ಟಿದರು. ಆಮೇಲೆ ಡಬ್ಬಿ ಹಿಡಿದು, "ಇದು ಬಾಣಂತಿ ತಿನ್ನೂದು" ಎಂದರು.

"ಬಾಣಂತಿ ಇಲ್ರಿ ಅವ್ವಾರ."

"ರಾತ್ರಿ ಎದ್ದು ಹಾಲ ಕುಡಿಸಾವ್ರು ಯಾರು?"

"ನಾನ ರಿ."

"ಹಂಗಾರ ನೀವ ತಿನ್ರಿ. ತಲಿಗೆ ಅರಿವಿ ಕಟ್ಕೋರಿ, ಗಾಳಿ ಬಡದೀತು."

ಅಂದಿನಿಂದ ದಿನವೂ ಯಾರಾದರೂ ಕೂಸು ನೋಡಲು ಬಂದರು. ಬಂದವರು ಕೂತರು, ನಕ್ಕರು, ನನ್ನ ಹಳೆಯ ಪ್ರಸಂಗಗಳನ್ನೂ ಹೇಳಿಸಿಕೊಂಡರು. ನನ್ನ ಮನೆಯಲ್ಲಿ ಎರಡನೆಯ ಲೋಟ ಬಳಕೆಗೆ ಬಂತು.

ತಿಂಗಳಾದ ಮೇಲೆ ಮರಿಯನ್ನು ಒಯ್ಯಲು ಕುರಿಗಾರ ಬಂದ. ಮಾಲೀಕರ ಹೆಂಡತಿ, ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಉಡಿ ತುಂಬಿಯೇ ಕಳಿಸುವೆನೆಂದರು. ಮರಿಗೆ ಉಡಿ ಎಲ್ಲಿ? ಅಕ್ಕಿಯನ್ನು ಕುರಿಗಾರನ ಕಂಬಳಿಗೆ ಕಟ್ಟಿದರು, ಓಣಿ ದಾಟುವುದರೊಳಗೆ ಮರಿ ಅದನ್ನು ಬಿಚ್ಚಿ ತಿನ್ನತೊಡಗಿತ್ತು. ಮರಿಗೆ ಚಿಕ್ಕದಾಗಿದ್ದ ಕುಂಚಿಗಿ ನನ್ನ ಮನೆಯ ಗೂಟದಲ್ಲಿ ಉಳಿಯಿತು. ಕೂಸಿಲ್ಲದ ಮನೆಗೆ ಮಂದಿ ಬರುವುದೂ ನಿಂತಿತು. ಅಷ್ಟು ವರ್ಷ ಒಬ್ಬನೇ ಇದ್ದೆ, ಆದರೆ ಆ ವಾರ ಮೊದಲ ಸಲ ಮನೆಗೆ ಹೋಗಲು ಹೆದರಿಕೆಯಾಯಿತು.

ಮಾಲೀಕರು ಎಂದಿನಂತೆ ಗಡಗಡಿ ನೋಡಲು ಬಂದರು. ಒಳಗೆ ಇಣುಕಿದರು, ಗೂಟದ ಕುಂಚಿಗಿ ನೋಡಿದರು. ನಾನು ಆ ಹಳೆಯ ಪ್ರಶ್ನೆಗೆ ಕಾದು ನಿಂತೆ. ಅವರು ಏನೂ ಕೇಳದೆ ಹೊರಟುಹೋದರು. ಕೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ರವಿವಾರ ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಓಣಿಗೆಲ್ಲ ಕೇಳುವಂತೆ ಬಾಗಿಲಲ್ಲಿ ಅವರ ಧ್ವನಿ.

"ಬಾಣಂತಿ ಮನ್ಯಾಗ ಅದಾಳೇನ್ರಿ?"

ನಾನು ಹೊರಗೆ ಬಂದೆ.

"ನಮ್ಮಾಕಿ ಊಟಕ್ಕ ಕರಕೊಂಡ ಬಾ ಅಂದಾಳ. ಇನ್ನ ಮ್ಯಾಲ ನಿಮ್ಮ ಹಳ್ಳಿ ತಿರುಗೂದು ಹೊತ್ತ ಮುಳಗೂದರಾಗ ಮುಗಸ್ರಿ. ಮಗಳನ್ನ ಕಳಿಸಿದಾಕಿ ಒಬ್ಬಾಕೀನ ಕುಂತು ಉಣ್ಣಬಾರದಂತ."

ನಾನು ಚಪ್ಪಲಿ ಮೆಟ್ಟಿ ಹೊರಟೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಅಲ್ಲೇ ತಡೆದರು.

"ಹಿಂಗ ಬ್ಯಾಡ್ರಿ, ಮನ್ಯಾಗ ಬೈತಾಳ. ತಲಿಗೆ ಅರಿವಿ ಕಟ್ಕೊಂಡ ಬರ್ರಿ."