ಕಂಪ್ಯೂಟರಿಗೂ ಒಂದು ದೀಪದ ಹೊತ್ತು

ಭಗವಂತ ನನಗೆ ಕಂಪ್ಯೂಟರ್ ಕೆಲಸ ಕೊಟ್ಟ. ನಗುವುದಕ್ಕೆ ಇವಳಿಗೆ ಬೇರೆ ಪುರುಸೊತ್ತು ಸಿಗಲಾರದು ಎಂದು ಅವನಿಗೆ ಮೊದಲೇ ಗೊತ್ತಿತ್ತೇನೋ, ನಗುವನ್ನೂ ಅದರೊಳಗೇ ಇಟ್ಟು ಕಳಿಸಿದ. ನಗುವಂಥದ್ದೊಂದು ನಡೆಯದೆ ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದಿಲ್ಲ.

ಮಂಡ್ಯದ ಒಂದು ಚಿಕ್ಕ ಕಂಪನಿ ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಮದ್ದೂರು, ಮಳವಳ್ಳಿ ಕಡೆಯ ಅಂಗಡಿಗಳಲ್ಲಿ ಅದು ಕೈಕೊಟ್ಟರೆ ಫೋನು ಬರುವುದು ನನಗೆ. ಮದ್ದೂರು ತಾಲೂಕಿನ ಕೊಪ್ಪದ ನಮ್ಮ ಮನೆಯ ನಡುಮನೆಯಲ್ಲಿ, ದೇವರ ಕೋಣೆಗೆ ಬೆನ್ನು ಬೀಳದ ಹಾಗೆ ಮೇಜು ತಿರುಗಿಸಿಕೊಂಡು ಕೂತು, ಫೋನು ಮಾಡಿದವರ ಕಷ್ಟ ಕೇಳಿ ದಾರಿ ಹೇಳುತ್ತೇನೆ. ಕಂಪನಿಯ ಪ್ರಕಾರ ನನ್ನ ಕೆಲಸ ಸಂಜೆ ಆರಕ್ಕೆ ಮುಗಿಯುತ್ತದೆ. ಅಂಗಡಿಯವರ ಪ್ರಕಾರ ವ್ಯಾಪಾರ ಕುದುರುವುದೇ ಆಗ. ಇವೆರಡರ ನಡುವೆ ಸಿಕ್ಕಿಕೊಂಡದ್ದು ನಮ್ಮನೆ ದೀಪ.

ಅತ್ತೆಗೆ ಈಚೆಗೆ ಕೈ ನಡುಗುತ್ತದೆ. ಬತ್ತಿ ಹೊಸೆಯುತ್ತಾರೆ, ಹೂವು ಮುಡಿಸುತ್ತಾರೆ, ಆದರೆ ಕಡ್ಡಿ ಗೀರುವುದು ನಾನೇ ಆಗಬೇಕು. ಅಷ್ಟರಲ್ಲಿ ಫೋನು ಬಡಿದುಕೊಂಡರೆ ನಾನು ಬೆರಳೆತ್ತಿ ಒಂದು ನಿಮಿಷ ಎನ್ನುತ್ತೇನೆ. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತದೆ, ಅತ್ತೆ ಕತ್ತಲಲ್ಲೇ ಕೂತಿರುತ್ತಾರೆ. ಈ ಸಲ ಕಾರ್ತಿಕ ಮಾಸ ಹತ್ತಿರವಾದಾಗ ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು: "ನೋಡವ್ವ, ಈ ಕಾರ್ತೀಕದಲ್ಲಿ ಒಂದ್ ದಿನಾನೂವೆ ದೀಪದೊತ್ತು ಮೀರಂಗಿಲ್ಲ. ನಿಮ್ ಸಾಯೇಬ್ರಿಗೆ ಯೇಳ್ಬುಡು."

ನಾನು ಆಗಲಿ ಅಂದೆ. ಕಂಪನಿಯ ಸಾಹೇಬರನ್ನು ಕೇಳುವ ಧೈರ್ಯ ಕೊಡಪ್ಪ ಎಂದು ಮನೆದೇವರನ್ನು ದಿನವೂ ಬೇಡಿಕೊಂಡೆ. ನಮ್ಮ ಮನೆದೇವರು ಮಳೆ ಕೊಟ್ಟಿದ್ದಾನೆ, ಬೆಳೆ ಕೊಟ್ಟಿದ್ದಾನೆ. ಧೈರ್ಯ ಕೊಡುವುದರಲ್ಲಿ ಮಾತ್ರ ಸ್ವಲ್ಪ ನಿಧಾನ.

ಎಚ್ ಒತ್ತಿ

ಶಿವಪುರದ ಕಡೆಯಿಂದ ಗೊಬ್ಬರದ ಅಂಗಡಿಯ ಯಜಮಾನರೊಬ್ಬರು ಫೋನು ಮಾಡಿದರು. ಕಂಪ್ಯೂಟರ್ ಬಾಗಿಲೇ ತೆಗೆಯುತ್ತಿಲ್ಲವಂತೆ. ಪಾಸ್‌ವರ್ಡು ಇಟ್ಟದ್ದು ಅವರ ಅಳಿಯ, ಊರ ಹೆಸರನ್ನೇ ಇಟ್ಟಿದ್ದಾರೆ. ಊರ ಹೆಸರು, ಮನೆಯವರ ಹೆಸರು ಪಾಸ್‌ವರ್ಡಿಗೆ ಇಡಬಾರದು ಎಂಬುದು ನಾನು ಎಲ್ಲರಿಗೂ ಹೇಳುವ ಮೊದಲ ಬುದ್ಧಿಮಾತು. ಎಲ್ಲರೂ ಕೇಳಿ ಮರೆಯುವ ಮೊದಲ ಬುದ್ಧಿಮಾತೂ ಅದೇ. ಇರಲಿ, ಹೇಗೆ ಒತ್ತಿದಿರಿ ಎಂದೆ. ಎಸ್, ಐ, ವಿ ಎಂದು ಶುರುಮಾಡಿದರು. ನನಗೆ ತಿಳಿಯಿತು. ಅಳಿಯ ಶಿವಪುರ ಎಂದು ಬರೆದಿದ್ದಾರೆ, ಮಾವ ಸಿವಪುರ ಎಂದು ಒತ್ತುತ್ತಿದ್ದಾರೆ.

"ಎಸ್ ಆದಮೇಲೆ ಎಚ್ ಒತ್ತಿ ಯಜಮಾನ್ರೇ," ಎಂದೆ.

ಆ ಕಡೆಯಿಂದ ಟಕ ಟಕ ಎಂದು ಸದ್ದು ಬಂತು. ತಪ್ಪು ಎಂದಿತಂತೆ. ಮತ್ತೆ ಹೇಳಿದೆ, ಎಸ್ ಆದಮೇಲೆ ಎಚ್ ಒತ್ತಿ. ಈ ಸಲ ಟಕ ಟಕ ಇನ್ನಷ್ಟು ಹೊತ್ತು ನಡೆಯಿತು, ಮಳೆ ಹನಿ ತಗಡಿನ ಮೇಲೆ ಬಿದ್ದಂತೆ. ಕೊನೆಗೆ ಅವರು ಏದುಸಿರು ಬಿಡುತ್ತಾ, "ಸಾಲು ತುಂಬೋಯ್ತು ಕಣಮ್ಮ, ಇನ್ನೂ ಎಚ್ಚು ಒತ್ಲಾ?" ಎಂದರು.

ಪಾಪ, ನಾನು ಎಚ್ ಒತ್ತಿ ಎಂದದ್ದು ಅವರಿಗೆ ಹೆಚ್ಚು ಒತ್ತಿ ಎಂದು ಕೇಳಿಸಿದೆ. ನಮ್ಮ ಕಡೆ ಎರಡಕ್ಕೂ ಒಂದೇ ಸದ್ದು. ಸಾಲಿನ ತುಂಬ ಬರೀ ಎಸ್ಸು. ನಾನು ಎಚ್ ಅಕ್ಷರದ ಆಕಾರ ವಿವರಿಸಿದೆ: ಎರಡು ಗೂಟ, ನಡುವೆ ಒಂದು ಅಡ್ಡಪಟ್ಟಿ. ಅದು ಗೊತ್ತಾಯಿತು, ಕಂಪ್ಯೂಟರ್ ತೆರೆದುಕೊಂಡಿತು. ಆದರೆ ಯಜಮಾನರಿಗೆ ಸಮಾಧಾನವಾಗಲಿಲ್ಲ.

"ನಮ್ ತಾತನ ಕಾಲದಿಂದ್ಲೂವೆ ಸಿವಾ ಸಿವಾ ಅಂತ್ಲೇ ಕರ್ಕಂಡ್ ಬಂದಿವಿ. ಆ ಸಿವನೇ ಒಂದ್ ದಿನ ತಪ್ಪು ಅಂದಿಲ್ಲ. ನಿಮ್ ಕಂಪ್ಯೂಟ್ರುಗೆ ಯಾಕಮ್ಮ ಇಷ್ಟೊಂದ್ ಮಡಿ?"

ಕಣ್ಣಿಗೆ ಕುಂಕುಮ

ಆಯುಧಪೂಜೆಯ ಮರುದಿನ ನನ್ನ ಪಾಲಿಗೆ ಸುಗ್ಗಿ. ಹಿಂದಿನ ದಿನ ಮೂರು ತಾಲೂಕಿನ ಕಂಪ್ಯೂಟರುಗಳಿಗೆ ನೀರು ಪ್ರೋಕ್ಷಣೆ, ಬೂದುಗುಂಬಳದ ನೀವಾಳಿಕೆ, ಆರತಿ ಎಲ್ಲ ಆಗಿರುತ್ತದಲ್ಲ. ಮಳವಳ್ಳಿಯ ಹಾರ್ಡ್‌ವೇರ್ ಅಂಗಡಿಯವರು ಅಂದು ಬಹಳ ಗಾಬರಿಯಲ್ಲಿ ಫೋನು ಮಾಡಿದರು. ಮೌಸು ಅಲ್ಲಾಡಿಸಿದರೆ ಬಾಣದ ಗುರುತು ಅಲ್ಲಾಡುತ್ತಿಲ್ಲ. ಅಂಗಡಿಯಲ್ಲಿ ಗಿರಾಕಿ ತುಂಬಿದ್ದಾರೆ.

ನನಗೆ ಅನುಮಾನ ಬಂದು ಪೂಜೆ ಹೇಗೆ ಮಾಡಿದಿರಿ ಎಂದು ಕೇಳಿದೆ. ಅವರು ಸಂಭ್ರಮದಿಂದ ಹೇಳಿದರು. ಪರದೆಗೆ ವಿಭೂತಿಯ ಪಟ್ಟೆ, ಪ್ರಿಂಟರಿಗೆ ಕುಂಕುಮ, ಸೇವಂತಿಗೆ ಹಾರ, ಮೌಸಿಗೂ ಕುಂಕುಮ. ಮೌಸಿನ ಯಾವ ಜಾಗಕ್ಕೆ ಎಂದೆ. "ಅಡೀಲಿ ಕೆಂಪುಗೆ ಉರೀತದಲ್ಲಮ್ಮ, ಅದ್ಕೆ ಅದೇ ಅಲ್ವಾ ಕಣ್ಣು? ಅಲ್ಲಿಗೇ ಚೆಂದಾಗಿ ಇಟ್ಟಿವ್ನಿ."

ಬಟ್ಟೆಯಲ್ಲಿ ಒರೆಸಿ ಬಿಡಿ ಎಂದರೆ ಕೆಲಸ ಮುಗಿಯುತ್ತಿತ್ತು. ಆದರೆ ಪೂಜೆಯ ಕುಂಕುಮ ಒರೆಸಿ ಎಂದು ನನ್ನ ಬಾಯಲ್ಲಿ ಹೇಗೆ ಬರುತ್ತದೆ? ಸ್ವಲ್ಪ ಯೋಚಿಸಿ, "ಪ್ರಸಾದ ಅಲ್ವೇ, ಭಕ್ತಿಯಿಂದ ತೆಗೆದು ನಿಮ್ಮ ಹಣೆಗೆ ಇಟ್ಕೊಳ್ಳಿ. ಒಂಚೂರೂ ಉಳಿಸ್ಬೇಡಿ," ಎಂದೆ.

ಅವರು ಹಾಗೇ ಮಾಡಿದರು. ಮೌಸು ಓಡಿತು. ನನಗೂ ಮನಸ್ಸು ತಣ್ಣಗಾಯಿತು, ದೇವರಿಗೂ ಅಪಚಾರವಿಲ್ಲ, ಅಂಗಡಿಗೂ ನಷ್ಟವಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅವರದ್ದೇ ಫೋನು.

"ಅಮ್ಮಾ, ನೀವು ಯೇಳಿದ್ದು ಬೋ ಪವರ್‌ಫುಲ್ಲು. ಈಗ ಪ್ರಿಂಟ್ರು ನಿಂತದೆ. ಅಣೇಲಿ ಜಾಗ ಇಲ್ಲ, ಕೆನ್ನೆಗೆ ಇಟ್ಕಂಡ್ರೆ ನಡೀತದಾ?"

ಬ್ಯಾಲೆನ್ಸು

ಕಾರ್ತಿಕಕ್ಕೆ ಇನ್ನೇನು ಕೆಲವೇ ದಿನ ಎನ್ನುವಾಗ ಕಂಪನಿಯಿಂದ ಸಂದೇಶ ಬಂತು. ನೌಕರರ ಒಳಿತಿಗಾಗಿ ವರ್ಕ್ ಲೈಫ್ ಬ್ಯಾಲೆನ್ಸ್ ಬಗ್ಗೆ ಆನ್‌ಲೈನ್ ಉಪನ್ಯಾಸ, ಎಲ್ಲರೂ ಕಡ್ಡಾಯವಾಗಿ ಹಾಜರಾಗಬೇಕು. ಓಹೋ, ದೇವರು ನನ್ನ ಬಾಯಿಂದ ಆಗದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸುತ್ತಿದ್ದಾನೆ ಎಂದು ಕೈಮುಗಿದೆ. ಆಮೇಲೆ ಹೊತ್ತು ನೋಡಿದೆ. ಸಂಜೆ ಆರೂವರೆ.

ಉಪನ್ಯಾಸ ಕೊಟ್ಟ ಹೆಣ್ಣುಮಗಳು ಒಳ್ಳೆಯ ಮಾತೇ ಆಡಿದರು. ಕೆಲಸದ ಫೋನನ್ನು ಬೇರೆ ಇಡಿ, ಸಂಜೆಯಾದ ಮೇಲೆ ಅದನ್ನು ಮುಟ್ಟಬೇಡಿ, ನಿಮ್ಮ ಬದುಕಿನಲ್ಲಿ ಬ್ಯಾಲೆನ್ಸ್ ಎಷ್ಟಿದೆ ಎಂದು ಕೇಳಿಕೊಳ್ಳಿ ಎಂದರು. ದೇವರ ಕೋಣೆಯ ಹೊಸ್ತಿಲಲ್ಲಿ ಬತ್ತಿ ಹಿಡಿದು ಕಾಯುತ್ತಿದ್ದ ಅತ್ತೆಗೆ ಅದೊಂದೇ ಪದ ಅರ್ಥವಾಯಿತು.

"ಬ್ಯಾಲೆನ್ಸ್ ಮುಗ್ದೋಗದಾ? ಅದ್ಕೆ ಇಷ್ಟೊತ್ತು ಮಾತಾಡ್ಬೇಕಾ? ಕರೆನ್ಸಿ ಆಕಿಸ್ಕಂಡ್ರೆ ಆಯ್ತಪ್ಪ."

ಮೊಬೈಲಿನದ್ದಲ್ಲ ಅತ್ತೆ, ಹೊತ್ತು ಮುಳುಗಿದ ಮೇಲೆ ಕೆಲಸ ಬಿಟ್ಟು ಮನೆಯವರ ಜೊತೆ ಇರಿ ಎಂದು ಹೇಳಿಕೊಡುತ್ತಿದ್ದಾರೆ ಎಂದೆ. ಅತ್ತೆ ಬಾಗಿಲಾಚೆಯ ಕತ್ತಲೆ ನೋಡಿದರು, ಪರದೆ ನೋಡಿದರು, ಕೈಯಲ್ಲಿದ್ದ ಬತ್ತಿ ನೋಡಿದರು.

"ಅದ್ನ ಯೇಳ್ಕೊಡಕ್ಕೆ ನಿನ್ನ ಇಡ್ಕಂಡು ಕೂತವ್ರಾ?"

ಕಾರ್ತಿಕದ ಮೊದಲ ಸಂಜೆ

ಧೈರ್ಯ ಇನ್ನೂ ಬಂದಿರಲಿಲ್ಲ, ಕಾರ್ತಿಕ ಬಂದುಬಿಟ್ಟಿತು. ಅಂದು ಹಣತೆಗಳನ್ನೆಲ್ಲ ತೊಳೆದು ಸಾಲಾಗಿಟ್ಟಿದ್ದೆವು. ಸರಿಯಾಗಿ ದೀಪದ ಹೊತ್ತಿಗೆ ಸಾಹೇಬರು ಎಲ್ಲರನ್ನೂ ವಿಡಿಯೋ ಮೀಟಿಂಗಿಗೆ ಕರೆದರು. ನನ್ನ ಕ್ಯಾಮೆರಾ, ಮೈಕು ಎರಡನ್ನೂ ಮುಚ್ಚಿ ಕೂತೆ. ಅತ್ತೆಯ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಪೂರಿಗಾಲಿಯ ಅಂಗಡಿಯಿಂದ ಫೋನು ಬಂತು. ಒಳಗೆ ಮಾತು ಕೇಳಿಸದೆ ನಾನು ಜಗಲಿಗೆ ಹೋದೆ. ಲ್ಯಾಪ್‌ಟಾಪು ಮೇಜಿನ ಮೇಲೇ ಉಳಿಯಿತು.

ನಮ್ಮ ಯಜಮಾನರು ಆಗ ತಾನೇ ಗದ್ದೆಯಿಂದ ಬಂದು ಕೈಕಾಲು ತೊಳೆದಿದ್ದರು. ಅತ್ತೆ ಅವರನ್ನು ಕರೆದು, ಲ್ಯಾಪ್‌ಟಾಪಿನ ಕಡೆ ಕೈತೋರಿಸಿ, "ಲೋ ಮಗ, ದೇವ್ರ ದೀಪ ಅಚ್ಚಬೇಕು. ಮೊದ್ಲು ಅದ್ನ ದೊಡ್ದು ಮಾಡ್ಲಾ," ಎಂದರು.

ಉರಿಯುವುದನ್ನು ಆರಿಸು ಎನ್ನುವುದು ಅಪಶಕುನ. ದೀಪವಾದರೂ ಸರಿ, ಒಲೆಯಾದರೂ ಸರಿ, ನಮ್ಮ ಅತ್ತೆಯ ಬಾಯಲ್ಲಿ ಅದು ದೊಡ್ಡದು ಮಾಡು ಎಂದೇ. ಮುಸ್ಸಂಜೆಯಲ್ಲಿ, ಅದೂ ಕಾರ್ತಿಕದಲ್ಲಿ, ಮಿನುಗುತ್ತಿರುವ ಲ್ಯಾಪ್‌ಟಾಪಿಗೆ ಬೇರೆ ಮಾತು ಬಳಸುತ್ತಾರೆಯೇ? ಆದರೆ ಕಂಪ್ಯೂಟರ್ ಮುಂದೆ ನಿಂತ ನಮ್ಮ ಯಜಮಾನರಿಗೆ ದೊಡ್ಡದು ಎಂದರೆ ದೊಡ್ಡದೇ. ಅಮ್ಮನಿಗೆ ಕಣ್ಣು ಮಂಜು, ಕಿವಿ ಮಂದ, ಪಾಪ ಎಂದುಕೊಂಡು ಅಲ್ಲಿ ಕಂಡ ಗುರುತನ್ನೆಲ್ಲ ಒತ್ತಿದರು. ಚಿತ್ರ ದೊಡ್ಡದಾಯಿತು, ದನಿ ದೊಡ್ಡದಾಯಿತು, ಜೊತೆಗೆ ಕ್ಯಾಮೆರಾ, ಮೈಕು ಎರಡೂ ತೆರೆದುಕೊಂಡವು. ಸಾಹೇಬರ ಮುಖ ಪರದೆ ತುಂಬ.

ನಾನು ಜಗಲಿಯಿಂದ ಓಡಿ ಬರುವಷ್ಟರಲ್ಲಿ ಅತ್ತೆಯ ದನಿ ಇಡೀ ಮೀಟಿಂಗಿಗೆ ಕೇಳಿಸುತ್ತಿತ್ತು. "ದೊಡ್ದು ಮಾಡ್ಲಾ ಅಂದ್ರೆ ಈವಯ್ಯನ್ನ ಯಾಕ್ಲಾ ದೊಡ್ದು ಮಾಡ್ದೆ?"

ನಾನು ಹೊಸ್ತಿಲಲ್ಲೇ ನಿಂತೆ. ಪರದೆಯ ಮೇಲೆ ಸಾಹೇಬರ ಹುಬ್ಬು ಮೇಲೇರಿತು. ಅವರು ಮಾತು ನಿಲ್ಲಿಸಿ, ಯಾರವ್ವ ಎಂದು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು.

"ನೀನೇನಪ್ಪ ಸಾಯೇಬ? ಮುಸ್ಸಂಜೇಲಿ ಇಷ್ಟ್ ಜನ ಕೂರುಸ್ಕಂಡಿದೀಯಲ್ಲ, ನಿಮ್ಮನೇಲಿ ದೀಪ ಅಚ್ಚೋರಿಲ್ವಾ?"

"ಅವ್ರೆ ಕಣವ್ವ. ನಮ್ಮವ್ವ ಅಚ್ತಳೆ," ಎಂದರು ಸಾಹೇಬರು. ಕಂಪನಿಯಲ್ಲಿ ಸದಾ ಇಂಗ್ಲಿಷು ಮಾತಾಡುವ ಮನುಷ್ಯ. ಅವರದು ಪಕ್ಕದ ಊರಿನ ನಾಲಿಗೆ ಎಂದು ನಮಗೆಲ್ಲ ಅಂದೇ ಗೊತ್ತಾದದ್ದು.

"ಅವ್ವ ದೀಪ ಅಚ್ಚೋದ ನೋಡಿ ಎಷ್ಟ್ ದಿನ ಆಯ್ತು?"

ಸಾಹೇಬರು ಗಡಿಯಾರದ ಕಡೆ ನೋಡಿದರು. ನಾನು ಮನೆದೇವರ ಕಡೆ ತಿರುಗಿ, ನಾನು ಕೇಳಿದ್ದು ಧೈರ್ಯ ತಂದೆ, ಅದನ್ನು ಅತ್ತೆಗೆ ಯಾಕೆ ಕೊಟ್ಟೆ ಎಂದುಕೊಂಡೆ. ಕಡೆಗೆ ಸಾಹೇಬರೇ ಮೆಲ್ಲಗೆ, ಈಗ ನಾನು ಏನು ಮಾಡಬೇಕು ಹೇಳವ್ವ ಎಂದರು.

"ನನ್ ಮಗಂಗೆ ಬುದ್ದಿ ಸಾಲ್ದು. ನೀನಾರ ದೊಡ್ದು ಮಾಡಪ್ಪ."

ಸಾಹೇಬರು ಕೈಮುಗಿದರು. ಪರದೆ ಕಪ್ಪಾಯಿತು. ನಾನು ಕಡ್ಡಿ ಗೀರಿದೆ. ಅಂದು ಹಣತೆಗಳು ಹೊತ್ತಿಗೆ ಸರಿಯಾಗಿ ಉರಿದವು, ಅತ್ತೆ ಅವುಗಳ ಮುಂದೆ ಏನೂ ಆಗಿಲ್ಲದವರ ಹಾಗೆ ಕೂತು ಹಾಡು ಹೇಳಿದರು. ನನ್ನ ಕೆಲಸ ಹೋಯಿತೆಂದೇ ತಿಳಿದು ನಾನೂ ದನಿಗೂಡಿಸಿದೆ.

ಮರುದಿನ ಬೆಳಿಗ್ಗೆ ಕಂಪನಿಯ ಗುಂಪಿನಲ್ಲಿ ಸಾಹೇಬರ ಸಂದೇಶವಿತ್ತು, ಮೊದಲ ಸಲ ಕನ್ನಡದಲ್ಲಿ: 'ಇನ್ನು ಮುಂದೆ ಸಂಜೆ ಆರು ಗಂಟೆಗೆ ಎಲ್ಲರೂ ಕಂಪ್ಯೂಟರ್ ದೊಡ್ಡದು ಮಾಡತಕ್ಕದ್ದು. ಅಂಗಡಿಯವರ ಫೋನು ದೀಪದ ಹೊತ್ತು ಕಳೆದ ಮೇಲೆ, ಸರದಿಯ ಪ್ರಕಾರ.' ಅಂಗಡಿಯವರು ಒಬ್ಬರೂ ತಕರಾರು ಮಾಡಲಿಲ್ಲ. ಆ ಹೊತ್ತಿನಲ್ಲಿ ಅವರೂ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುವವರೇ ತಾನೆ.

ತಕರಾರು ಬಂದದ್ದು ಒಬ್ಬರಿಂದ ಮಾತ್ರ. ಹೊರ ರಾಜ್ಯದಿಂದ ಬಂದು, ಪುಸ್ತಕ ನೋಡಿ ಕನ್ನಡ ಕಲಿಯುತ್ತಿದ್ದ ಹೊಸ ಸಹೋದ್ಯೋಗಿ ಅದರ ಮಾರನೆಯ ದಿನ ನನಗೆ ಫೋನು ಮಾಡಿದರು. ದನಿಯಲ್ಲಿ ಬಹಳ ಆಯಾಸವಿತ್ತು.

"ಮೇಡಂ, ನಿನ್ನೆ ಆರು ಗಂಟೆಗೆ ಸರಿಯಾಗಿ ಪರದೆ ದೊಡ್ಡದು ಮಾಡಿದೆ. ಊಟವನ್ನೂ ಮಾಡದೆ ಅದರ ಮುಂದೆಯೇ ಕೂತಿದ್ದೆ. ಮೀಟಿಂಗಿಗೆ ನೀವು ಯಾರೂ ಬರಲೇ ಇಲ್ಲ!"